ಅಜ್ಜನ ಲೆಕ್ಕದ ಪುಸ್ತಕದಲ್ಲಿ ಇಲ್ಲದ ಇಬ್ಬರು

ಈ ಕಂತನ್ನು ಮೂಡುಬಿದಿರೆಯಲ್ಲಿ, ನಮ್ಮ ಮನೆಯ ಅಟ್ಟದಲ್ಲಿ ಕೂತು ರೆಕಾರ್ಡ್ ಮಾಡ್ತಾ ಇದ್ದೇನೆ. ಸುತ್ತ ಅಡಿಕೆ ಚೀಲಗಳು. ಸ್ಟುಡಿಯೋ ಬಾಡಿಗೆ ಕೊಡುವಷ್ಟು ದುಡ್ಡು ಈ ಪಾಡ್‌ಕಾಸ್ಟ್‌ನಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ತುಂಬಿದ ಗೋಣಿಚೀಲ ಪ್ರತಿಧ್ವನಿಯನ್ನು ಚೆನ್ನಾಗಿ ಕುಡಿಯುತ್ತೆ ಅಂತ ಕಳೆದ ವರ್ಷ ಗೊತ್ತಾಯ್ತು. ಹಾಗಾಗಿ ಅಡಿಕೆ ಮಾರಾಟ ಆಗುವ ತನಕ ನನ್ನ ಸೌಂಡ್ ಕ್ವಾಲಿಟಿ ಸೂಪರ್, ಆಮೇಲೆ ಕೇಳಬೇಡಿ.

ಇಂಥದ್ದಕ್ಕೆ ಈಗ ಜುಗಾಡ್ ಅಂತ ಹೆಸರು. ಕಡಿಮೆ ಖರ್ಚಿನ ಹಳ್ಳಿ ಬುದ್ಧಿ. ರೀಲ್ಸ್‌ನಲ್ಲಿ ದಿನಾ ನೋಡ್ತೀರಿ. ನಾನು ಓದಿದ್ದು ಬಿ.ಕಾಂ., ಅದರಿಂದ ‘ಕಡಿಮೆ ಖರ್ಚು’ ಅಂತ ಯಾರು ಹೇಳಿದರೂ ನನ್ನ ತಲೆ ಒಂದೇ ಕಡೆ ಓಡೋದು: ಖರ್ಚನ್ನು ಯಾವ ಕಾಲಮ್‌ನಲ್ಲಿ ಬರೆದಿದ್ದಾರೆ? ಬರೆದೇ ಇಲ್ವಾ?

ಈ ಪ್ರಶ್ನೆ ಬಂದದ್ದು ಅಜ್ಜನ ಲೆಕ್ಕದ ಪುಸ್ತಕದಿಂದ. ನನ್ನ ಅಮ್ಮನ ತವರು ಬಂಟ್ವಾಳ ತಾಲೂಕಿನಲ್ಲಿ, ವಿಟ್ಲದಿಂದ ಆಚೆ. ಮೂಡುಬಿದಿರೆಯಿಂದ ಸಿದ್ದಕಟ್ಟೆ, ಬಂಟ್ವಾಳ, ಬಿ.ಸಿ. ರೋಡ್ ದಾಟಿ, ಕಲ್ಲಡ್ಕದಲ್ಲಿ ಕೆ.ಟಿ. ಕುಡಿದು ಹೋಗೋದು ನಮ್ಮ ರೂಢಿ. (ಹಾಲಿನ ಮೇಲೆ ಡಿಕಾಕ್ಷನ್ ತೇಲಿಸುವ ಆ ಟೀ ಕೂಡ ಒಂದು ಸಂಶೋಧನೆಯೇ. ಬಿಡಿ, ಅದಕ್ಕೆ ಬೇರೆ ಕಂತು ಬೇಕು.) ಆ ಮನೆಯ ಹಿಂದೆ ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಸುರಂಗ. ಒಬ್ಬರು ಬಗ್ಗಿ ಹೋಗುವಷ್ಟು ಬಾಯಿ. ಒಳಗಿಂದ ವರ್ಷಪೂರ್ತಿ ನೀರು, ಏಪ್ರಿಲ್‌ನಲ್ಲೂ ಕಿರುಬೆರಳು ದಪ್ಪದ ಧಾರೆ. “ಇದು ಅಜ್ಜ ತೆಗೆದ ಸುರಂಗ” ಅಂತ ಕೇಳಿಕೊಂಡೇ ನಾವೆಲ್ಲ ದೊಡ್ಡವರಾದದ್ದು.

ಅಜ್ಜ ತೀರಿಹೋದ ಮೇಲೆ ಪೆಟ್ಟಿಗೆ ಖಾಲಿ ಮಾಡುವಾಗ ಸಿಕ್ಕಿದ ಪುಸ್ತಕದಲ್ಲಿ, 1964ರ ಒಂದು ಪುಟದಲ್ಲಿ, ಹೀಗೆ ಇತ್ತು: ‘ಸುರಂಗ ಕೆಲಸ, ಆಳು 2. ಅಕ್ಕಿ 1 ಮುಡಿ. ಎಣ್ಣೆ. ಬೆಲ್ಲ.’ ಇದೇ ಸಾಲು ಸ್ವಲ್ಪ ಹೆಚ್ಚುಕಡಿಮೆ ಆಗಿ ಹನ್ನೊಂದು ಕಡೆ. ಆಮೇಲೆ ಒಂದು ಪುಟದಲ್ಲಿ, ಬೇರೆ ಯಾವ ಸಡಗರವೂ ಇಲ್ಲದೆ, ‘ನೀರು ಸಿಕ್ಕಿತು.’

ಆಳು 2. ಅಷ್ಟೇ. ಮೂಗಿಗೆ ಹಾಕುವ ನಶ್ಯದ ಬೆಲೆಯನ್ನೂ ಬರೆದಿಟ್ಟ ಮನುಷ್ಯ ನಮ್ಮಜ್ಜ. ಆದರೆ ಆ ಇಬ್ಬರ ಹೆಸರು ಬರೆದಿಲ್ಲ.

ಸುರಂಗ ಅಂದರೆ ಏನು ಅಂತ ಬೆಂಗಳೂರಿನ ಕೇಳುಗರಿಗೆ ಹೇಳಬೇಕು. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಕೇಳಿದರೆ ನೀರಿಗೆ ಬರ ಅಂತ ಅನ್ನಿಸಲ್ಲ. ಆದರೆ ಆ ಮಳೆ ಹೆಚ್ಚಿನದೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ಓಡಿ, ನೇತ್ರಾವತಿ ಸೇರಿ ಸಮುದ್ರಕ್ಕೆ ಹೋಗುತ್ತದೆ. ಫೆಬ್ರವರಿ ಬಂದರೆ ತೋಟಕ್ಕೆ ನೀರಿಲ್ಲ. ಅಡಿಕೆ ಮರ ಮಾತ್ರ ಬೇಸಿಗೆಯಲ್ಲೂ ನೀರು ಕೇಳುತ್ತದೆ.

ಗುಡ್ಡಗಳದ್ದು ಮುರಕಲ್ಲು. ನಮ್ಮ ಮನೆಗಳ ಗೋಡೆಗೆ ಬಳಸುವ ಅದೇ ಕೆಂಪುಕಲ್ಲು. ತೂತು ತೂತು, ಸ್ಪಂಜಿನ ಹಾಗೆ. ಮಳೆನೀರು ಅದರೊಳಗೆ ಇಳಿಯುತ್ತದೆ. ಕೆಳಗೆ ಜೇಡಿಮಣ್ಣಿನ ಪದರ ಸಿಕ್ಕಿದಲ್ಲಿ ಇಳಿಯಲಾಗದೆ ನಿಲ್ಲುತ್ತದೆ. ಬಾವಿ ತೋಡಿದರೆ ಮೇಲಿಂದ ಕೆಳಗೆ ಹೋಗಿ ಆ ನೀರನ್ನು ಮುಟ್ಟಬೇಕು, ಮುಟ್ಟಿದ ಮೇಲೆ ಎತ್ತಬೇಕು. ಎತ್ತಲು ಜನ ಬೇಕು, ಇಲ್ಲವೇ ಪಂಪ್ ಬೇಕು. ಸುರಂಗದ ಉಪಾಯ ಬೇರೆ. ಗುಡ್ಡದ ಪಕ್ಕೆಯಿಂದ ಅಡ್ಡಕ್ಕೆ ಕೊರೆದು ಒಳಗೆ ಹೋಗೋದು. ಹೋಗುತ್ತಾ ಹೋಗುತ್ತಾ ನೆಲವನ್ನು ಸ್ವಲ್ಪ ಸ್ವಲ್ಪ ಏರಿಸೋದು. ನೀರು ಸಿಕ್ಕಿದರೆ ತಾನಾಗಿ ಹೊರಗೆ ಹರಿದು ಬರುತ್ತದೆ. ಬಾಯಿಯಲ್ಲಿ ಅಡಿಕೆ ಮರದ ದಂಬೆ ಇಟ್ಟು ಕೆರೆಗೆ ಬಿಟ್ಟರೆ ಆಯಿತು. ಕರೆಂಟ್ ಬಿಲ್ ಸೊನ್ನೆ, ಇವತ್ತಿಗೂ.

ಇದರಲ್ಲಿ ಇನ್ನೊಂದು ಜಾಣತನ ಇದೆ, ಅದು ಬೋರ್‌ವೆಲ್ ಬಂದ ಮೇಲೆ ಗೊತ್ತಾದದ್ದು. ಗುಡ್ಡ ಎಷ್ಟು ಬಸಿಯುತ್ತದೋ ಅಷ್ಟೇ ನೀರು ಸುರಂಗಕ್ಕೆ. ಸ್ವಿಚ್ ಹಾಕಿ ಜಾಸ್ತಿ ಎಳೆಯೋಣ ಅಂದರೆ ಆಗಲ್ಲ. ಬೋರ್‌ವೆಲ್ ಹಾಗಲ್ಲ, ನೂರಾರು ಅಡಿ ಕೆಳಗಿನ ಬಂಡೆಯ ಬಿರುಕಿನಲ್ಲಿ ಕೂತ ಹಳೇ ನೀರನ್ನೂ ಎಳೆದು ತರುತ್ತದೆ. ಬ್ಯಾಂಕಿನ ಮಾತಲ್ಲಿ ಹೇಳೋದಾದ್ರೆ ಸುರಂಗ ಬಡ್ಡಿ ತಿನ್ನುತ್ತೆ, ಬೋರ್‌ವೆಲ್ ಅಸಲಿಗೇ ಕೈ ಹಾಕುತ್ತೆ.

ನೆಲದೊಳಗೆ ಕಾಲುವೆ ಕೊರೆದು ನೀರು ತರುವ ವಿದ್ಯೆ ನಮ್ಮೂರಿನದ್ದು ಮಾತ್ರ ಅಲ್ಲ. ಇರಾನಿನ ಕನಾತ್‌ಗಳು ಸಾವಿರಾರು ವರ್ಷ ಹಳೆಯವು, 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ನಮ್ಮ ರಾಜ್ಯದ್ದೇ ಬೀದರಿನಲ್ಲಿ, 15ನೇ ಶತಮಾನದ ಬಹಮನಿ ಕಾಲದ ಕರೇಜ್ ಇದೆ. ಅದೂ ಮುರಕಲ್ಲಿನಲ್ಲೇ ಕೊರೆದದ್ದು. ಮೇಲಿಂದ ಸಾಲಾಗಿ ಬಾವಿಯಂಥ ಗಾಳಿಕಿಂಡಿಗಳು, ಕೆಳಗೆ ಉದ್ದದ ಕಾಲುವೆ. ಆದರೆ ಬೀದರಿನದ್ದು ಸುಲ್ತಾನರ ರಾಜಧಾನಿಗೆ ಮಾಡಿಸಿದ ಕಾಮಗಾರಿ. ವಿಟ್ಲ, ಮಾಣಿಲ, ಕೇಪು, ಅಡ್ಯನಡ್ಕ, ಹಾಗೇ ಗಡಿಯಾಚೆ ಕಾಸರಗೋಡಿನ ಪೆರ್ಲ, ಬಾಯಾರು ಕಡೆಯ ಸುರಂಗಗಳು ಒಂದೊಂದು ಮನೆಯವರು ತಮ್ಮ ತೋಟಕ್ಕೆ ಅಂತ ತೆಗೆಸಿಕೊಂಡದ್ದು. ರಾಜ ಇಲ್ಲ, ಶಾಸನ ಇಲ್ಲ, ಎಂಜಿನಿಯರ್ ಇಲ್ಲ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಸಂಶೋಧಕರು ಇವುಗಳ ವಯಸ್ಸು, ಮೂಲ ಯಾವುದು ಅಂತ ಹುಡುಕಿ 2015ರಲ್ಲಿ ಲೇಖನ ಬರೆದರು. ಅವರಿಗೂ ಮನೆ ಹಿರಿಯರ ನೆನಪೇ ದೊಡ್ಡ ಆಧಾರ.

ಆ ನೆನಪಿನಲ್ಲಿ ಉಳಿಯೋದು ಯಾರ ಹೆಸರು? ತೆಗೆಸಿದವರದ್ದು. ತೆಗೆದವರದ್ದಲ್ಲ.

ಇದಕ್ಕೆ ಒಂದು ದೊಡ್ಡ ಅಪವಾದ ಇದೆ. ಅಮೈ ಮಹಾಲಿಂಗ ನಾಯ್ಕ. ಹೆಸರು ಕೇಳಿರ್ತೀರಿ, 2022ರಲ್ಲಿ ಪದ್ಮಶ್ರೀ ಬಂತು. ಕೇಪು ಗ್ರಾಮದವರು, ಅಡ್ಯನಡ್ಕ ಹತ್ತಿರ. ಅವರ ಕಥೆಯನ್ನು ಎಲ್ಲರೂ ‘ಛಲದ ಕಥೆ’ ಅಂತ ಹೇಳ್ತಾರೆ. ನಾನು ಅದನ್ನು ಲೆಕ್ಕದ ಕಥೆಯಾಗಿ ಹೇಳ್ತೇನೆ.

ನಾಯ್ಕರು ಕೂಲಿ ಕೆಲಸದವರು. ಅಡಿಕೆ ಮರ, ತೆಂಗಿನ ಮರ ಹತ್ತುವುದು ಅವರ ಕಸುಬು. 1978ರಲ್ಲಿ ಅವರು ಕೆಲಸ ಮಾಡುತ್ತಿದ್ದ ತೋಟದ ಧಣಿ, ಅಮೈ ಮಹಾಬಲ ಭಟ್ಟರು, ಎರಡು ಎಕರೆ ಜಾಗ ಕೊಟ್ಟರು. ಇಲ್ಲಿ ಆ ಇಸವಿಯನ್ನು ಸ್ವಲ್ಪ ಹಿಡಿದುಕೊಳ್ಳಿ. ಅದಕ್ಕೆ ನಾಲ್ಕು ವರ್ಷ ಮೊದಲು, 1974ರಲ್ಲಿ, ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಬಂದಿತ್ತು. ನಮ್ಮ ಜಿಲ್ಲೆಯಲ್ಲಿ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಭೂಮಿಗೆ ಒಡೆಯರಾದರು. ಇಲ್ಲಿನ ಸಮಾಜದ ನಕ್ಷೆಯೇ ಬದಲಾಯಿತು ಅಂದರೆ ಉತ್ಪ್ರೇಕ್ಷೆ ಅಲ್ಲ. ಆದರೆ ಡಿಕ್ಲರೇಶನ್ ಕೊಡಲು ಗೇಣಿ ಇರಬೇಕಿತ್ತು. ದಿನಗೂಲಿಗೆ ಮರ ಹತ್ತುವವನಿಗೆ ಯಾವ ಗೇಣಿ? ಕಾನೂನಿನಿಂದ ಭೂಮಿ ಸಿಗದವರಿಗೆ ಉಳಿದದ್ದು ಒಬ್ಬ ಮನುಷ್ಯನ ಒಳ್ಳೆಯತನ. ನಾಯ್ಕರಿಗೆ ಅದು ಸಿಕ್ಕಿತು. ಸಿಕ್ಕಿದ ಜಾಗ ಗುಡ್ಡದ ಇಳಿಜಾರು, ಒಣ ಭೂಮಿ. ನೀರಿಲ್ಲ.

ಬಾವಿ ತೋಡಿಸಲು ದುಡ್ಡಿಲ್ಲ. ಆದರೆ ಸುರಂಗಕ್ಕೆ ಬೇಕಾದದ್ದು ಪಿಕ್ಕಾಸು, ಬುಟ್ಟಿ, ದೀಪ. ಹಗಲಿಡೀ ಬೇರೆಯವರ ತೋಟದಲ್ಲಿ ಮರ ಹತ್ತಿ, ಸಂಜೆ ಬಂದು ತನ್ನ ಗುಡ್ಡದೊಳಗೆ ಇಳಿಯೋದು. ಸಾಮಾನ್ಯವಾಗಿ ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಅಗೆಯಬೇಕು, ಇನ್ನೊಬ್ಬ ಮಣ್ಣು ಹೊರಗೆ ಎಳೆಯಬೇಕು. ನಾಯ್ಕರು ಒಬ್ಬರೇ. ಕೂತು ಅಗೆಯೋದು, ಬುಟ್ಟಿಗೆ ತುಂಬೋದು, ಹೊರಗೆ ತಂದು ಸುರಿಯೋದು, ಮತ್ತೆ ಒಳಗೆ. ಬೆಳಕಿಗೆ ಎಣ್ಣೆಯ ದೀಪ. ಆ ದೀಪಕ್ಕೆ ಇನ್ನೊಂದು ಕೆಲಸವೂ ಉಂಟು. ಒಳಗೆ ಹೋದಷ್ಟೂ ಗಾಳಿ ಕಡಿಮೆ. ದೀಪ ಮಂಕಾದರೆ ಹೊರಗೆ ಬರಬೇಕು, ಅಷ್ಟೇ. ಅವರ ಆಮ್ಲಜನಕದ ಮೀಟರ್ ಅದೇ.

ಮೊದಲ ಸುರಂಗದಲ್ಲಿ ನೀರು ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಹೀಗೆ ಐದು. ಐದು ಒಣ ಸುರಂಗ, ವರ್ಷಗಟ್ಟಲೆ ಸಂಜೆಗಳು. ಆರನೆಯದರಲ್ಲಿ ಮಣ್ಣು ಒದ್ದೆಯಾಯಿತು, ನೀರು ಬಂತು. ಆ ನೀರಿನಿಂದ ಬೋಳು ಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ ಎದ್ದವು. ಇವತ್ತು ಅಲ್ಲಿಗೆ ಶಾಲೆ ಮಕ್ಕಳು, ಪತ್ರಕರ್ತರು, ನನ್ನಂಥ ಪಾಡ್‌ಕಾಸ್ಟ್‌ನವರು ಎಲ್ಲ ಹೋಗ್ತಾರೆ.

ಈಗ ನನ್ನ ಬಿ.ಕಾಂ. ಪ್ರಶ್ನೆ. ಈ ಸುರಂಗದ ಖರ್ಚು ಎಷ್ಟು? ಬಿಲ್ ಪ್ರಕಾರ ಪಿಕ್ಕಾಸಿನ ಬೆಲೆ, ಎಣ್ಣೆಯ ಬೆಲೆ. ಅಂದರೆ ‘ಝೀರೋ ಕಾಸ್ಟ್’. ಆದರೆ ಕಾಸ್ಟ್ ಅಕೌಂಟಿಂಗ್ ಪುಸ್ತಕದ ಪ್ರಕಾರ ಸ್ವಂತ ದುಡಿಮೆಗೂ ಬೆಲೆ ಕಟ್ಟಬೇಕು. ಆರು ಸುರಂಗಕ್ಕೆ ಎಷ್ಟು ಸಂಜೆ, ಎಷ್ಟು ಮೊಣಕಾಲು ನೋವು, ದೀಪ ಮಂಕಾದ ಎಷ್ಟು ಸಲ? ಆ ಸಂಜೆಗಳಿಗೆ ಆಗಿನ ದಿನಗೂಲಿಯನ್ನೇ ಹಾಕಿ ನೋಡಿದರೂ ಅದು ಆ ಊರಿನಲ್ಲಿ ತೆಗೆದ ಅತಿ ದುಬಾರಿ ನೀರಿನ ಸಾಲಿಗೆ ಸೇರುತ್ತದೆ ಅಂತ ನನಗನ್ನಿಸೋದು. ಖರ್ಚೆಲ್ಲ ಒಂದು ಮೈಯ ಮೇಲೆ ಬಿದ್ದದ್ದರಿಂದ ನಮಗೆ ಅದು ಕಾಣಲ್ಲ. ಮತ್ತೆ, ಐದನೆಯದರಲ್ಲಿ ಅವರು ನಿಲ್ಲಿಸಿದ್ದರೆ? ಬುದ್ಧಿ ಅದೇ, ಶ್ರಮ ಅದೇ. ಪದ್ಮಶ್ರೀ ಹೋಗಲಿ, ನಮಗೆ ಹೆಸರೂ ಗೊತ್ತಿರುತ್ತಿರಲಿಲ್ಲ. ಹಾಗೆ ಐದರಲ್ಲೇ ನಿಂತವರೂ ಈ ಗುಡ್ಡಗಳಲ್ಲಿ ಇದ್ದಿರಬೇಕು.

ಮರ ಹತ್ತುವ ವಿಷಯ ಬಂತಲ್ಲ, ಅದಕ್ಕೆ ಬರೋಣ. ಬಂಟ್ವಾಳದ ಇನ್ನೊಂದು ಸಂಶೋಧನೆ ನಿಮ್ಮ ಫೋನಿಗೆ ಖಂಡಿತ ಬಂದಿರುತ್ತೆ.

ಅಡಿಕೆ ಮರ ಹತ್ತುವುದು ನೋಡಲು ಸರ್ಕಸ್. ಪಾದಕ್ಕೆ ತಳೆ, ಸೊಂಟಕ್ಕೆ ಕತ್ತಿ, ಹಗ್ಗ. ಕುಶಲರಾದವರು ಒಂದು ಮರ ಹತ್ತಿದರೆ ಇಳಿಯಲ್ಲ, ಮರವನ್ನೇ ತೂಗಿ ಪಕ್ಕದ್ದಕ್ಕೆ ದಾಟ್ತಾರೆ. ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ ಅಂತ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಮೈಲುತುತ್ತು, ಸುಣ್ಣ ಸೇರಿಸಿದ್ದು. ಫ್ರಾನ್ಸಿನ ದ್ರಾಕ್ಷಿ ತೋಟಕ್ಕೆ 1885ರ ಹೊತ್ತಿಗೆ ಹುಟ್ಟಿದ ಔಷಧಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗದ ಬಗ್ಗೆ ಬರೆದು ಇದನ್ನು ಬಳಕೆಗೆ ತಂದರು. ಅದಕ್ಕೂ ಮುಂಚೆ ಮಲೆನಾಡಿನಲ್ಲಿ ಪ್ರತಿ ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು, ಅಂದರೆ ಗೊನೆಗೊಂದು ರೈನ್‌ಕೋಟ್. ಕೊಟ್ಟೆಯೋ ದ್ರಾವಣವೋ, ಯಾವುದಾದರೂ ಸರಿ, ಮಳೆಯಲ್ಲಿ ಪಾಚಿ ಹಿಡಿದ ಮರ ಒಬ್ಬರು ಹತ್ತಲೇಬೇಕು.

ಹತ್ತುವವರು ಕಡಿಮೆಯಾದರು. ಯಾಕೆ ಅಂತ ತೋಟದವರನ್ನು ಕೇಳಿದರೆ “ಈಗಿನ ಹುಡುಗರಿಗೆ ಉಮೇದು ಇಲ್ಲ” ಅಂತಾರೆ. ಹತ್ತುವ ಮನೆಯವರನ್ನು ಕೇಳಿದರೆ ಬಿದ್ದವರ ಲೆಕ್ಕ ಹೇಳ್ತಾರೆ. ಬಿದ್ದು ಸೊಂಟ ಹೋದವನ ಮಗ ಮಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋದರೆ ಅದನ್ನು ಉಮೇದಿನ ಕೊರತೆ ಅಂತ ನಾನಂತೂ ಕರೆಯಲಾರೆ.

ಸಜೀಪಮೂಡದ ಕೃಷಿಕ ಕೋಮಲೆ ಗಣಪತಿ ಭಟ್ಟರು ಮರ ಹತ್ತುವ ಬೈಕ್ ಮಾಡಿದ್ದು ಈ ಕಷ್ಟಕ್ಕೇ. ಸೀಟು, ಹ್ಯಾಂಡಲ್, ಪುಟ್ಟ ಪೆಟ್ರೋಲ್ ಎಂಜಿನ್, ಮರವನ್ನು ಹಿಡಿದುಕೊಳ್ಳುವ ಗಾಲಿಗಳು, ಬ್ರೇಕ್, ಬೆಲ್ಟ್. ಕೂತು ಆಕ್ಸಿಲರೇಟರ್ ಕೊಟ್ಟರೆ ಅರ್ಧ ನಿಮಿಷದಲ್ಲಿ ತುದಿ. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 80 ಮರ. 2019ರಲ್ಲಿ ಅವರ ಮಗಳು ಅದರಲ್ಲಿ ಕೂತು ಮೇಲೇರಿದ ವಿಡಿಯೋ ದೇಶ ಸುತ್ತಿತು, ಆನಂದ್ ಮಹೀಂದ್ರಾ ಕೂಡ ಹಂಚಿಕೊಂಡರು. ಆ ವಿಡಿಯೋ ನನಗೆ ಇಷ್ಟ. ಮರ ಹತ್ತುವುದು ಒಂದು ಜಾತಿಯ, ಒಂದು ವರ್ಗದ ಗಂಡಸರ ಕೆಲಸ ಅಂತ ಇದ್ದ ಊರಿನಲ್ಲಿ ತೋಟದ ಮನೆಯ ಹುಡುಗಿ ನಗುತ್ತಾ ಮೇಲೆ ಹೋಗ್ತಾಳೆ. ಅದು ಸಣ್ಣ ಮಾತಲ್ಲ.

ಆದರೆ ಅದು ಹಲವು ವರ್ಷದ ಪ್ರಯೋಗ, ಸುರಿದ ಹಣವೂ ಬಹಳ. ಆಗ ವರದಿಗಳಲ್ಲಿ ಬಂದ ಬೆಲೆ ಮುಕ್ಕಾಲು ಲಕ್ಷದ ಆಸುಪಾಸು. ತೋಟದ ಯಜಮಾನನಿಗೆ ಅದು ಕಡಿಮೆ ಖರ್ಚೇ. ಕೂಲಿಗೆ ಹತ್ತುವವನಿಗೆ? ಅವನು ಅದನ್ನು ಕೊಳ್ಳಲಾರ. ಯಜಮಾನನೇ ಕೊಂಡರೆ ಅವನ ಕೂಲಿ ಹೋಯಿತು. ಇತ್ತೀಚೆಗೆ ತೋಟಗಳಲ್ಲಿ ಗೆದ್ದಿರೋದು ಇದಕ್ಕಿಂತ ಸರಳವಾದದ್ದು, ದೋಟಿ. ಮಾವಿನಕಾಯಿ ಕೀಳಲು ಬಿದಿರಿನ ಗಳಕ್ಕೆ ಕೊಕ್ಕೆ ಕಟ್ಟುತ್ತಿದ್ದೆವಲ್ಲ, ಅದೇ ದೋಟಿ. ಈಗ ಕಾರ್ಬನ್ ಫೈಬರ್‌ನಲ್ಲಿ ಬಂದಿದೆ. ನೆಲದಲ್ಲಿ ನಿಂತೇ ಕೊಯ್ಲು, ನೆಲದಲ್ಲಿ ನಿಂತೇ ಔಷಧಿ. ಕ್ಯಾಂಪ್ಕೋ ಇದಕ್ಕೆ ಯುವಕರಿಗೆ ತರಬೇತಿ ಶಿಬಿರ ಮಾಡಿದೆ. ದೋಟಿ ಇಟ್ಟುಕೊಂಡು ತಂಡ ಕಟ್ಟಿ ತೋಟದಿಂದ ತೋಟಕ್ಕೆ ಹೋಗುವ ಹುಡುಗರು ಈಗ ಇದ್ದಾರೆ. ಹತ್ತುವವರ ಪೈಕಿಯವರಿಗೇ ಉಪಕರಣ ಸಿಕ್ಕಿದರೆ ಲೆಕ್ಕ ಬದಲಾಗುತ್ತದೆ. ಅಂದಹಾಗೆ 1973ರಲ್ಲಿ ಕ್ಯಾಂಪ್ಕೋ ಕಟ್ಟಿದ ವಾರಣಾಶಿ ಸುಬ್ರಾಯ ಭಟ್ಟರೂ ಅಡ್ಯನಡ್ಕದವರೇ. ಬೆಳೆಗಾರರಿಗೆ ಮಾರುಕಟ್ಟೆ ಕೊಟ್ಟ ಸಹಕಾರಿ ಸಂಸ್ಥೆ ಹುಟ್ಟಿಸಿದವರು, ಸುರಂಗ ತೋಡಿದ ನಾಯ್ಕರು, ಇಬ್ಬರೂ ಒಂದೇ ಪೇಟೆಗೆ ಸಾಮಾನಿಗೆ ಬರುತ್ತಿದ್ದವರು. ಒಬ್ಬರದ್ದು ಬೈಲಾ ಇರುವ ಸಂಶೋಧನೆ, ಇನ್ನೊಬ್ಬರದ್ದು ಬುಟ್ಟಿಯಲ್ಲಿ ಹೊತ್ತದ್ದು.

ಶ್ರಮದ ಲೆಕ್ಕ ಇಡುವ ವಿಷಯದಲ್ಲಿ ನನಗೆ ಒಂದು ಒಳ್ಳೆ ಉದಾಹರಣೆ ಸಿಕ್ಕಿದ್ದು ಬೆಳ್ತಂಗಡಿ ಕಡೆ. ಅಲ್ಲಿ ಘಟ್ಟದ ಬುಡ, ತೋಡುಗಳು ಜಾಸ್ತಿ. ಭತ್ತದ ಕೊಯ್ಲು ಮುಗಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಹರಿವು ಸಣ್ಣದಾದಾಗ, ತೋಡಿಗೆ ಅಡ್ಡ ಕಟ್ಟ ಹಾಕುವುದು ನಮ್ಮ ಕಡೆಯೆಲ್ಲ ಹಳೇ ಕ್ರಮ. ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರ. ಈಗ ಖಾಲಿ ಗೊಬ್ಬರದ ಚೀಲ, ಸಿಮೆಂಟ್ ಚೀಲಕ್ಕೆ ಮರಳು ತುಂಬಿ ಪೇರಿಸ್ತಾರೆ. ಎರಡು ಪೇಟೆ ದಾಟಿ ಬಂದ ಪ್ಲಾಸ್ಟಿಕ್ ಚೀಲಕ್ಕೆ ಅದಕ್ಕಿಂತ ಒಳ್ಳೆ ಮುಪ್ಪು ಇಲ್ಲ. ನೀರು ನಿಂತು ಅಕ್ಕಪಕ್ಕದ ಬಾವಿಗಳು ಏರುತ್ತವೆ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆಗೆ ಕಟ್ಟ ಕೊಚ್ಚಿ ಹೋಗುತ್ತದೆ.

ಕೊಚ್ಚಿ ಹೋಗೋದು ನೋಡಿ ಹೊರಗಿನವರು “ಪಕ್ಕಾ ಕಾಂಕ್ರೀಟ್ ಹಾಕಬಾರದಾ?” ಅಂತಾರೆ. ಪ್ರತಿವರ್ಷ ಹೋಗುವುದರಿಂದಲೇ ಹೂಳು ನಿಲ್ಲಲ್ಲ, ಮಳೆಗಾಲದ ನೆರೆಗೆ ತಡೆ ಇಲ್ಲ, ಮೀನು ಮೇಲೆ ಬರುತ್ತೆ. ಮತ್ತೆ ವರ್ಷಕ್ಕೊಮ್ಮೆ ಕಟ್ಟಬೇಕಾದ್ದರಿಂದ ಮೇಲಿನ ಮನೆಯವರೂ ಕೆಳಗಿನ ಮನೆಯವರೂ ವರ್ಷಕ್ಕೊಮ್ಮೆಯಾದರೂ ಮಾತಾಡಬೇಕು. ಕಾಂಕ್ರೀಟ್ ಹಾಕಿದರೆ ಜಗಳ ಪಂಚಾಯತಿಗೆ ಹೋಗುತ್ತದೆ.

ಇದು ನಡೆಯುವುದು ಮುಯ್ಯಾಳಿನಿಂದ. ಇವತ್ತು ನಾನು ನಿಮ್ಮಲ್ಲಿಗೆ, ನಾಳೆ ನೀವು ನಮ್ಮಲ್ಲಿಗೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಆಮೇಲೆ ಪ್ರಗತಿಬಂಧು ಗುಂಪುಗಳನ್ನು ಮಾಡಿದ್ದು ಈ ಹಳೇ ರೂಢಿಯ ಮೇಲೆಯೇ. ಐದಾರು ಸಣ್ಣ ರೈತರ ಗುಂಪು, ವಾರಕ್ಕೊಂದು ದಿನ ಒಬ್ಬರ ಜಾಗದಲ್ಲಿ ಎಲ್ಲರೂ ಕೆಲಸ, ಸರದಿ ಪ್ರಕಾರ. ಸಾಲ, ಉಳಿತಾಯದ ಮಾತು ಬೇರೆ, ಅದರ ಬಗ್ಗೆ ಪರ ವಿರೋಧ ಚರ್ಚೆ ಬೇಕಾದಷ್ಟು ಇದೆ. ನನ್ನ ಕಣ್ಣಿಗೆ ಬಿದ್ದದ್ದು ಈ ಸರದಿ. ಯಾರ ತೋಟದಲ್ಲಿ ಯಾರು ಯಾವ ದಿನ ಬೆವರು ಸುರಿಸಿದರು ಅನ್ನುವುದು ಇಲ್ಲಿ ಸಾಲದ ಹಾಗೇ, ತೀರಿಸಲೇಬೇಕು. ನಾಯ್ಕರಿಗೆ ಇಂಥ ನಾಲ್ಕು ಜನ ಇದ್ದಿದ್ದರೆ ಆರು ಸುರಂಗಕ್ಕೆ ಎಷ್ಟು ಸಂಜೆ ಬೇಕಿತ್ತು ಅಂತ ಬಸ್ಸಲ್ಲಿ ವಾಪಸ್ ಬರುವಾಗ ಲೆಕ್ಕ ಹಾಕ್ತಾ ಇದ್ದೆ.

ಬರೆದಿಡುವ ವಿಷಯಕ್ಕೆ ಬಂದರೆ ನಮ್ಮ ಮೂಡುಬಿದಿರೆಗಿಂತ ದೊಡ್ಡ ಉದಾಹರಣೆ ಇಲ್ಲ. ಇಲ್ಲಿನ ಗುರು ಬಸದಿಯಲ್ಲಿ ಧವಲಾ ಗ್ರಂಥದ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದರು. ಹಳೆಯ ಕನ್ನಡ ಲಿಪಿಯಲ್ಲಿದ್ದ ಅವನ್ನು ನಕಲು ಮಾಡಿ, 20ನೇ ಶತಮಾನದಲ್ಲಿ ಅಚ್ಚು ಹಾಕಿಸಿದ ಮೇಲೆಯೇ ಜಗತ್ತಿಗೆ ಅದು ಓದಲು ಸಿಕ್ಕಿದ್ದು. ತಾಳೆಗರಿಯೂ ಎಂಥಾ ಅಗ್ಗದ ಸಾಮಾನು ನೋಡಿ! ಆದರೆ ಅದರ ಮೇಲೆ ಏನು ಬರೆಯಬೇಕು ಅಂತ ತೀರ್ಮಾನ ಮಾಡಿದವರು ಸುರಂಗ ತೋಡುವ ಕ್ರಮವನ್ನು ಬರೆಯಬೇಕು ಅಂದುಕೊಳ್ಳಲಿಲ್ಲ. 1430ರ ಸಾವಿರ ಕಂಬದ ಬಸದಿಗೆ ನಾನು ಶಾಲೆಯಿಂದ ಎಷ್ಟು ಸಲ ಹೋಗಿದ್ದೇನೋ, ಕಂಬ ಕೆತ್ತಿದವರ ಒಂದು ಹೆಸರನ್ನೂ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ತೋಟದ ಬುದ್ಧಿ ಅಚ್ಚಿಗೆ ಬಂದದ್ದರಲ್ಲಿ ಪಕ್ಕದ ಪುತ್ತೂರಿನ ಪಾಲು ದೊಡ್ಡದು. 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’, ಶ್ರೀಪಡ್ರೆಯವರ ಸಂಪಾದಕತ್ವ. ಕೃಷಿಕರ ಕೈಗೆ ಲೇಖನಿ ಅನ್ನುವುದು ಅದರ ತತ್ತ್ವ. ಕೃಷಿ ಪಂಡಿತರು ಬರೆಯುವುದನ್ನು ರೈತ ಓದುವುದಲ್ಲ, ರೈತ ತಾನು ಮಾಡಿ ನೋಡಿದ್ದನ್ನು ಇನ್ನೊಬ್ಬ ರೈತನಿಗೆ ತಾನೇ ಬರೆಯುವುದು. ಸುರಂಗ, ಕಟ್ಟ, ಮಳೆಕೊಯ್ಲು, ಹಲಸಿನ ಹಪ್ಪಳ, ಮನೆಯಲ್ಲೇ ಮಾಡಿಕೊಂಡ ಅಡಿಕೆ ಸುಲಿಯುವ ಯಂತ್ರ, ಎಲ್ಲ ಅದರಲ್ಲಿ ಬಂದಿವೆ. ಆದರೂ ಲೇಖನಿ ಬಂದದ್ದು ಕೃಷಿಕರ ಕೈಗೆ. ಆಳಿನ ಕೈಗೆ ಬಂದದ್ದು ಕಡಿಮೆ. ಇದು ಪತ್ರಿಕೆಯ ಮೇಲಿನ ದೂರು ಅಲ್ಲ, ದಿನವಿಡೀ ದುಡಿದವನಿಗೆ ರಾತ್ರಿ ಲೇಖನ ಬರಿ ಅಂತ ಯಾರು ಹೇಳೋದು?

ಈಗ ಮತ್ತೆ ಅಜ್ಜನ ಮನೆಗೆ.

ಈ ಏಪ್ರಿಲ್‌ನಲ್ಲಿ ಹೋದಾಗ ಮಾವ ಹೇಳಿದರು, ಅಂಗಳದ ತನಕ ಲಾರಿ ಬರಬೇಕಾದರೆ ಗುಡ್ಡ ಸ್ವಲ್ಪ ತೆಗೆಯಬೇಕು, ಸುರಂಗದ ಬಾಯಿ ಮುಚ್ಚಬೇಕಾಗ್ತದೆ ಅಂತ. ಜೆಸಿಬಿಯವನಿಗೆ ಅಡ್ವಾನ್ಸ್ ಕೊಟ್ಟಾಗಿದೆ.

“ಮಾವ, ಅದರಲ್ಲಿ ಈಗಲೂ ನೀರು ಬರ್ತದಲ್ಲ?”

“ಎಂತ ನೀರು ಮಾರಾಯ್ತಿ, ಕಿರುಬೆರಳಷ್ಟು. ಬೋರ್ ಉಂಟಲ್ಲ.”

“ಬೋರ್‌ಗೆ ಪೋದ ವರ್ಷ ಎಷ್ಟು ಅಡಿ ಇಳಿಸಿದಿರಿ?”

ಮಾವ ಉತ್ತರ ಕೊಡಲಿಲ್ಲ. ಅವರಿಗೆ ಗೊತ್ತು ನಾನು ಲೆಕ್ಕ ಹಾಕ್ತೇನೆ ಅಂತ. ಆಮೇಲೆ ನಾನು ಅಜ್ಜನ ಪುಸ್ತಕ ತೆಗೆದು ಆ ಹನ್ನೊಂದು ಸಾಲನ್ನು ತೋರಿಸಿದೆ. ಒಂದು ಮುಡಿ ಅಂದರೆ 40 ಸೇರಿನ ಆಸುಪಾಸು ಅಕ್ಕಿ. ಬೈಹುಲ್ಲಿನಲ್ಲಿ ಚೆಂಡಿನ ಹಾಗೆ ಬಿಗಿದು ಕಟ್ಟಿದರೆ ಹುಳ ಹಿಡಿಯದೆ ವರ್ಷ ಉಳಿಯುತ್ತೆ. ಅದನ್ನು ಕಟ್ಟುವುದು ಕೂಡ ಈಗ ಬಲ್ಲವರು ಬೆರಳೆಣಿಕೆ. ಹನ್ನೊಂದು ಮುಡಿ ಅಕ್ಕಿ, ಎಣ್ಣೆ, ಬೆಲ್ಲ, ಇಬ್ಬರು ಮನುಷ್ಯರು, 60 ವರ್ಷದ ನೀರು. ಯಾವ ಕಂಪನಿ ಈ ರಿಟರ್ನ್ ಕೊಡುತ್ತೆ ಹೇಳಿ ಅಂದೆ. ಮಾವ ಪುಸ್ತಕವನ್ನು ತುಂಬ ಹೊತ್ತು ನೋಡಿದರು. “ಅಪ್ಪ ಬೆಲ್ಲಕ್ಕೂ ಬರೆದಿದ್ದಾರೆ ನೋಡು” ಅಂದರು.

ಆ ಇಬ್ಬರು ಯಾರು ಅಂತ ಕೇಳಿದೆ. ಅವರಿಗೆ ಗೊತ್ತಿಲ್ಲ, ಆಗ ಅವರು ಹುಟ್ಟಿರಲಿಲ್ಲ. ಕೆಳಗಿನ ಮನೆಯ ದೊಡ್ಡಜ್ಜಿಯೊಬ್ಬರು ಇದ್ದಾರೆ, 80 ದಾಟಿದೆ, ಅವರನ್ನು ಕೇಳು ಅಂದರು. ಹೋದೆ. ಅಜ್ಜಿಗೆ ನೆನಪಿತ್ತು, ಮಧ್ಯಾಹ್ನ ಗಂಜಿ ಕೊಂಡುಹೋಗಿ ಕೊಡುತ್ತಿದ್ದದ್ದೇ ಅವರಂತೆ. ಅಣ್ಣ ತಮ್ಮ. ಪೆರ್ಲದ ಆಚೆಯವರು. ಹೊರಗೆ ಬಂದಾಗ ಮೈಯೆಲ್ಲ ಕೆಂಪು ಮಣ್ಣು, ಕಣ್ಣು ಮಾತ್ರ ಬಿಳಿ. ತಮ್ಮ ಒಳಗಿನಿಂದ ಹಾಡುತ್ತಿದ್ದ, ಹಾಡು ನಿಂತರೆ ಅಣ್ಣ ಹಗ್ಗ ಎಳೆದು ನೋಡುತ್ತಿದ್ದ. ದೀಪದ ಮೀಟರ್ ಬಗ್ಗೆ ಹೇಳಿದೆನಲ್ಲ, ಇವರದ್ದು ಹಾಡಿನ ಮೀಟರ್. ನೀರು ಸಿಕ್ಕಿದ ದಿನ ತಮ್ಮ ಹೊರಗೆ ಬಂದು ಏನೂ ಹೇಳದೆ ಅಜ್ಜಿಯ ಕೈಯ ತಂಬಿಗೆ ತಗೊಂಡು ಒಳಗೆ ಹೋದನಂತೆ, ತುಂಬಿಸಿ ತಂದು ಎದುರು ಇಟ್ಟನಂತೆ.

“ಹೆಸರು ಅಜ್ಜಿ?”

“ಹೆಸರು ಯಾರು ಕೇಳ್ತಿದ್ರು ಮಗಾ. ಸುರಂಗದವರು ಅಂತಲೇ ಕರೀತಿದ್ದದ್ದು.”

ಜೆಸಿಬಿ ಮಳೆಗಾಲ ಮುಗಿದ ಮೇಲೆ ಬರಲಿ ಅಂತ ಮಾವ ಫೋನ್ ಮಾಡಿದ್ದಾರೆ. ರದ್ದು ಮಾಡಿಲ್ಲ, ಮುಂದೆ ಹಾಕಿದ್ದಾರೆ ಅಷ್ಟೇ. ದಾರಿಯನ್ನು ಬಲಗಡೆಯಿಂದ ತಂದರೆ ಎಷ್ಟು ಖರ್ಚು ಬರಬಹುದು ಅಂತ ನನ್ನನ್ನೇ ಕೇಳಿದ್ದಾರೆ, ಟೇಪ್ ಹಿಡಿದು ಅಳೆದು ಎಕ್ಸೆಲ್ ಶೀಟ್ ಮಾಡಿದ್ದೇನೆ. ಅಡಿಕೆ ಮರ ನಾಲ್ಕು ಹೋಗುತ್ತದೆ.

ಪೆರ್ಲ, ಬಾಯಾರು, ಎಣ್ಮಕಜೆ ಕಡೆಯ ಕೇಳುಗರು ಯಾರಾದರೂ ಇದ್ದರೆ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಅಜ್ಜನೋ ದೊಡ್ಡಜ್ಜನೋ 60ರ ದಶಕದಲ್ಲಿ ಅಣ್ಣ ತಮ್ಮ ಸೇರಿ ವಿಟ್ಲದ ಕಡೆ ಸುರಂಗ ಕೆಲಸಕ್ಕೆ ಹೋಗ್ತಿದ್ದರು, ಕಿರಿಯವರು ಚೆನ್ನಾಗಿ ಹಾಡ್ತಿದ್ದರು ಅಂತ ಯಾರಿಗಾದರೂ ನೆನಪಿದೆಯಾ ಕೇಳಿ. ಅಜ್ಜನ ಪುಸ್ತಕದಲ್ಲಿ ‘ಆಳು 2’ ಅನ್ನುವುದರ ಪಕ್ಕ ಸ್ವಲ್ಪ ಜಾಗ ಇದೆ, ನಾನು ನೋಡಿದ್ದೇನೆ. ಎರಡು ಹೆಸರು ಹಿಡಿಸುತ್ತದೆ.